ವರ್ನಾ ಲುಂಡೆಯ ಭಾಷಣ ಸೋತದ್ದು ಹೇಗೆ

ಟೋರ್ವಿಕ್ ಊರಿನಲ್ಲಿ ಯಾರೂ ಯಾರಿಗೂ ಬೈಯುವುದಿಲ್ಲ. ಹಾಗೆಂದು ಅಲ್ಲಿ ಬೈಗುಳವಿಲ್ಲ ಎಂದಲ್ಲ. ಅದನ್ನು ಹೊಗಳಿಕೆಯ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ, ಅಷ್ಟೆ. ಊಟಕ್ಕೆ ಕರೆದವರ ಮನೆಯ ಅಡುಗೆ ಬಾಯಿಗಿಡುವಂತಿಲ್ಲದಿದ್ದರೆ "ಒಂಥರಾ ಬೇರೆಯಾಗಿದೆ" ಎನ್ನುತ್ತಾರೆ. ಚಳಿ ಮೂಗನ್ನೇ ಕಿತ್ತುಕೊಂಡು ಹೋಗುವಂತಿದ್ದರೆ "ಇದಕ್ಕಿಂತ ಜೋರಿರಬಹುದಿತ್ತು" ಎನ್ನುತ್ತಾರೆ. ಮಗಳು ಕಟ್ಟಿಕೊಳ್ಳಹೊರಟ ಹುಡುಗ ಶುದ್ಧ ಅಪ್ರಯೋಜಕನಾದರೆ, "ಪಾಪ, ಟ್ರಕ್ಕು ಚೆನ್ನಾಗಿ ಓಡಿಸ್ತಾನೆ" ಎಂದು ನಿಟ್ಟುಸಿರಿಡುತ್ತಾರೆ. ಅಮೆರಿಕದ ಮಿನಸೋಟದ ಆ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಹಲ್ಲು ಬರುವ ಮೊದಲು ಈ ಭಾಷೆ ಬರುತ್ತದೆ.

ಇಂಥ ಊರಿನಲ್ಲೂ ಮಾರ್ಲಿಸ್ ಬಕ್ಕೆನ್ ಎಂದರೆ ಮೃದುಮಾತಿಗೆ ಮಾದರಿ. ಹೈನುಗಾರರ ಮನೆಯ ಹುಡುಗಿ; ಹಸು ಒದ್ದರೂ "ಅದಕ್ಕೆ ಇವತ್ತು ಮನಸ್ಸು ಸರಿಯಿಲ್ಲ" ಎನ್ನುತ್ತಾ ಬೆಳೆದವಳು. ಡುವೇನ್ ಅವಳಿಗೆ ಮದುವೆಯ ಪ್ರಸ್ತಾಪ ಮಾಡಿದ್ದು ಹೀಗೆ: ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನಿಗಾಗಿ ಕೊರೆದ ತೂತನ್ನೇ ದಿಟ್ಟಿಸುತ್ತಾ, "ಜೂನ್‌ನಲ್ಲಿ ಚರ್ಚು ಖಾಲಿ ಇರತ್ತಂತೆ" ಎಂದ. ಮಾರ್ಲಿಸ್ ಕೂಡ ತೂತನ್ನೇ ನೋಡುತ್ತಾ, "ಹೌದಂತೆ, ನಾನೂ ಕೇಳ್ದೆ" ಎಂದಳು. ಮದುವೆ ಗಟ್ಟಿಯಾಯಿತು. ಇಬ್ಬರೂ ಇಂದಿಗೂ ಸುಖವಾಗಿದ್ದಾರೆ, ಅಥವಾ ಇಲ್ಲ ಎಂದು ಇಬ್ಬರೂ ಹೇಳಿಲ್ಲ.

ಮಾರ್ಲಿಸ್ ಊರಿನ ಶಾಲೆಯಲ್ಲಿ ಅಡುಗೆಯವಳು. ಆಲೂಗಡ್ಡೆ ಉಂಡೆಗಳನ್ನು ಹೊದಿಸಿ ಬೇಯಿಸಿದ ಅವಳ ಹಾಟ್‌ಡಿಶ್ ತಿಂದು ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳನ್ನು ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅಡುಗೆಮನೆಯ ಮುಖ್ಯಸ್ಥೆ ನಿವೃತ್ತಳಾದಾಗ, ಆ ಕುರ್ಚಿಯ ಕೆಲಸವೆಲ್ಲ ತಾನಾಗಿಯೇ ಮಾರ್ಲಿಸ್‌ಳ ತಲೆಗೆ ಬಂತು. ಕುರ್ಚಿ ಮಾತ್ರ ಬರಲಿಲ್ಲ. ಅದಕ್ಕೆ ಎರಡು ವರ್ಷದ ಕಾಲೇಜು ಪದವಿ ಬೇಕೆಂದು ಹೊಸ ನಿಯಮ. ಅವಳು ವರ್ಷಗಟ್ಟಲೆ ಸಂಜೆ ಕಾಲೇಜಿಗೆ ಹೋಗಿ ಎಲ್ಲ ವಿಷಯಗಳನ್ನೂ ಮುಗಿಸಿದ್ದಳು. ಉಳಿದದ್ದು ಒಂದೇ, ಪ್ರಬಂಧ ರಚನೆ. ಅವಳ ಪಾಲಿಗೆ ಅದು ಪ್ರಬಂಧವಲ್ಲ, ಪ್ರತಿಬಂಧ. ಬೇಸಿಗೆ ರಜೆಯೊಳಗೆ ಪಾಸಾದರೆ ಅಡುಗೆಮನೆ ಅವಳದು. ಇಲ್ಲವಾದರೆ ಮಿನಿಯಾಪೊಲಿಸ್‌ನ ಒಬ್ಬ ತರುಣನದು. ಸಂದರ್ಶನಕ್ಕೆ ಬಂದಿದ್ದ ಆ ತರುಣ ಹಾಟ್‌ಡಿಶ್ಶಿನ ತಟ್ಟೆಯನ್ನು ಬೆರಳಿನಿಂದ ಮುಟ್ಟಿ, "ಇದನ್ನ ಮಕ್ಕಳಿಗೆ ಕೊಡ್ತೀರಾ?" ಎಂದು ಕೇಳಿದ್ದ. ಮಾರ್ಲಿಸ್ "ಕೆಲವ್ರಿಗೆ ಇಷ್ಟ ಆಗತ್ತೆ" ಎಂದಿದ್ದಳು. ಟೋರ್ವಿಕ್‌ನಲ್ಲಿ ಅದು ಕೊಲೆ ಬೆದರಿಕೆಗೆ ಸಮ. ಆದರೆ ತರುಣ ನಕ್ಕು, ಅವಳ ಕೈಕುಲುಕಿ ಹೋದ.

ಪ್ರಬಂಧದ ಮೇಷ್ಟ್ರು ಸ್ಕಾರಮೆಲ್ಲಾ ನ್ಯೂಜೆರ್ಸಿಯವರು. ಅವರ ಊರಿನಲ್ಲಿ ಜನ ಶುಭೋದಯವನ್ನೂ ಜಗಳದ ಸ್ವರದಲ್ಲೇ ಹೇಳುತ್ತಾರಂತೆ. ಮೊದಲ ದಿನವೇ ಅವರು ಹಲಗೆಯ ಮೇಲೆ ಒಂದು ತಕ್ಕಡಿ ಬರೆದು, ಮಾತನ್ನು ಮೂರು ರೀತಿ ತೂಗಬೇಕು ಎಂದರು: ಆಡುವವರ ಮೇಲೆ ಜನಕ್ಕೆ ನಂಬಿಕೆ ಇದೆಯೇ, ಮಾತು ಕೇಳುವವರ ಎದೆ ಮುಟ್ಟುತ್ತದೆಯೇ, ಅದರೊಳಗೆ ತರ್ಕ ಇದೆಯೇ. ವಿದ್ಯಾರ್ಥಿಗಳ ಕೆಲಸ ಊರಿನದೇ ಒಂದು ವಿಷಯದ ಮೇಲೆ ಯಾರಾದರೂ ಆಡಿದ ಅಥವಾ ಬರೆದ ಮಾತನ್ನು ಹಿಡಿದು ತೂಗುವುದು.

"ನೀವು ಅದನ್ನ ಒಪ್ತೀರೋ ಬಿಡ್ತೀರೋ, ನಂಗೆ ಬೇಕಾಗಿಲ್ಲ," ಎಂದರು ಮೇಷ್ಟ್ರು. "ಆ ಮಾತು ಕೆಲಸ ಮಾಡ್ತಾ, ಮಾಡ್ಲಿಲ್ವಾ? ಯಾಕೆ? ಅಷ್ಟು ಹೇಳಿ."

ಮಾರ್ಲಿಸ್ ಮೊದಲು ಎತ್ತಿಕೊಂಡದ್ದು ನೀರಿನ ಟ್ಯಾಂಕಿಗೆ ಬಣ್ಣ ಬಳಿಯುವ ಬಗ್ಗೆ ಪತ್ರಿಕೆಗೆ ಯಾರೋ ಬರೆದಿದ್ದ ಪತ್ರವನ್ನು. ಅವಳ ಪ್ರಬಂಧದ ಸಾರ ಇಷ್ಟು: ಪತ್ರ ಬರೆದವರು ಒಳ್ಳೆಯ ಮನೆತನದವರು, ಪತ್ರವೂ ಪರವಾಗಿಲ್ಲ, ಬೇರೆಯವರು ಬೇರೆ ಥರ ಅಂದುಕೊಳ್ಳಬಹುದು, ಅದೂ ಸರಿಯೇ. ಮೇಷ್ಟ್ರು ಅದಕ್ಕೆ ಫೇಲಿನ ಅಂಕ ಹಾಕಿ, ಅಂಚಿನಲ್ಲಿ "ನಿಮಗೆ ಯಾರ ಭಯ?" ಎಂದು ಬರೆದು ಕೊಟ್ಟರು.

ತರಗತಿ ಮುಗಿದ ಮೇಲೆ ಮಾರ್ಲಿಸ್ ಅವರ ಮೇಜಿನ ಬಳಿ ನಿಂತಳು.

"ಭಯ ಏನಿಲ್ಲ ಸಾರ್. ಅವರ ಹೆಂಡ್ತಿ ನಮ್ಮ ಚರ್ಚಿನಲ್ಲಿ ಪಿಯಾನೊ ನುಡಿಸ್ತಾರೆ."

"ಅದಕ್ಕೇ?"

"ಪತ್ರ ಚೆನ್ನಾಗಿಲ್ಲ ಅಂದ್ರೆ ಅವರಿಗೆ ಗೊತ್ತಾಗತ್ತೆ."

"ಮಿಸೆಸ್ ಬಕ್ಕೆನ್, ಗೊತ್ತಾಗ್ಲಿ ಅಂತಲೇ ಬರೆಯೋದು!" ಮೇಷ್ಟ್ರು ಎರಡೂ ಕೈಗಳನ್ನು ಆಕಾಶಕ್ಕೆತ್ತಿದರು. "ಕೊನೇ ಪ್ರಬಂಧ ಒಂದಿದೆ. ಅದನ್ನ ಊರಿನ ಲೈಬ್ರರಿ ಹಾಲಿನಲ್ಲಿ, ಜನರ ಮುಂದೆ, ಬರೆದದ್ದನ್ನ ಬರೆದ ಹಾಗೇ ಓದ್ಬೇಕು. ಓದಿದ್ಮೇಲೆ ಸಭೆಯಿಂದ ಒಂದು ಪ್ರಶ್ನೆ. ಅದಕ್ಕೆ ನೇರ ಉತ್ತರ ಕೊಟ್ರೆ ಪಾಸು. ಸುತ್ತಿ ಬಳಸಿದ್ರೆ ಬರೋ ವರ್ಷ ಮತ್ತೆ ಸಿಗೋಣ."

ಬರೋ ವರ್ಷ ಎಂದರೆ ಆ ತರುಣ. ಮಾರ್ಲಿಸ್‌ಳ ಕಣ್ಣ ಮುಂದೆ ಅವನ ಬೆರಳು ಹಾಟ್‌ಡಿಶ್ಶನ್ನು ಮತ್ತೆ ಮುಟ್ಟಿತು.

ವಿಷಯ ಹುಡುಕಿಕೊಂಡು ಅವಳು ಎಲ್ಲಿಗೂ ಹೋಗಬೇಕಾಗಲಿಲ್ಲ. ಅದೇ ಅವಳ ಅಡುಗೆಮನೆಗೆ ನಡೆದು ಬಂತು, ಗೆಳತಿ ವರ್ನಾ ಲುಂಡೆಯ ರೂಪದಲ್ಲಿ.

ಟೋರ್ವಿಕ್‌ನ ಅಗ್ನಿಶಾಮಕ ಠಾಣೆಯ ಮೇಲೆ ಒಂದು ಸೈರನ್ ಇದೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅದು ಕೂಗುತ್ತದೆ, ಊರು ಉಣ್ಣುತ್ತದೆ. ವರ್ನಾಳ ಗಂಡ ಆರ್ವಿಡ್ ಸ್ವಯಂಸೇವಕರ ದಳದ ಮುಖ್ಯಸ್ಥನಾಗಿ, ಸಾಯುವ ತನಕ ಅದಕ್ಕೆ ಎಣ್ಣೆ ಹಾಕಿಕೊಂಡು ಬಂದಿದ್ದ. ಈಚೆಗೆ ಸರೋವರದ ದಡದಲ್ಲಿ ಹೊಸ ಮನೆ ಕಟ್ಟಿಸಿಕೊಂಡ ನಿವೃತ್ತ ದಂತವೈದ್ಯರೊಬ್ಬರಿಗೆ ಆ ಹೊತ್ತಿನ ನಿದ್ದೆಗೆ ಅದರಿಂದ ಭಂಗವಾಗುತ್ತಿತ್ತು. ಅವರು ಪುರಸಭೆಗೆ ಅರ್ಜಿ ಹಾಕಿದರು. ಊರಿಗೆ ಸೈರನ್ ಒಂದೇ, ಸೈರಣೆ ಮಾತ್ರ ಮನೆಗೊಂದು. ಯಾರೂ ತಕರಾರು ತೆಗೆಯಲಿಲ್ಲ. ಪುರಸಭೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆ ಕರೆಯಿತು. ಆರ್ವಿಡ್‌ನ ವಿಧವೆ ಮಾತಾಡುತ್ತಾಳೆಂದು ಊರೆಲ್ಲ ಬಂದು ಕೂತಿತು.

ವರ್ನಾ ಮಾತಾಡಿದಳು. "ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚು ಹೊತ್ತು ತಗೊಳಲ್ಲ. ಡಾಕ್ಟರು ಹೇಳಿದ್ರಲ್ಲೂ ಅರ್ಥ ಇದೆ. ಸೈರನ್ ಜೋರೇ ಬಿಡಿ. ನಮ್ಮ ಆರ್ವಿಡ್ ಅದನ್ನ ಸ್ವಲ್ಪ ನೋಡ್ಕೋತಿದ್ದ. ಮಧ್ಯಾಹ್ನ ಅದು ಕೂಗ್ದೇ ಇದ್ರೆ ಒಂಥರಾ ಬೇರೆಯಾಗಿರತ್ತೆ. ಆದ್ರೂ ನೀವು ಯೋಚನೆ ಮಾಡೇ ಮಾಡಿರ್ತೀರಿ. ಅಷ್ಟೆ. ಹಿಂದ್ಗಡೆ ಮೇಜಿನ ಮೇಲೆ ನಿಂಬೆ ಬರ್ಫಿ ಇಟ್ಟಿದೀನಿ, ತಗೊಳಿ."

ಸಭೆಗೆ ರೋಮಾಂಚನವಾಯಿತು. ವರ್ನಾ ಇಷ್ಟು ಕಟುವಾಗಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಮೇಯರ್ ರಿಕ್ ಡಂಬ್ರೌಸ್ಕಿ ಶಿಕಾಗೋದಿಂದ ಬಂದು ದೋಣಿ ಮಾರುವವನು. ಚುನಾವಣೆಗೆ ನಿಲ್ಲಲೇ ಎಂದು ಅವನು ಕೇಳಿದಾಗ, ಬೇಡ ಎನ್ನಲು ಯಾರಿಗೂ ಬಾಯಿ ಬಾರದೆ ಮೇಯರ್ ಆದವನು. ಅವನು ಎದ್ದು ವರ್ನಾಳ ಕೈಹಿಡಿದು, "ನಿಮ್ಮ ಬೆಂಬಲಕ್ಕೆ ತುಂಬಾ ಥ್ಯಾಂಕ್ಸ್" ಎಂದು ಚಪ್ಪಾಳೆ ತಟ್ಟಿದ. ವಾರದ ಪತ್ರಿಕೆಯಲ್ಲಿ ಬಂತು: ಸೈರನ್ ನಿಲ್ಲಿಸಲು ಆರ್ವಿಡ್ ಲುಂಡೆಯ ಪತ್ನಿಯ ಒಪ್ಪಿಗೆ.

ಆ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ವರ್ನಾ ಮಾರ್ಲಿಸ್‌ಳ ಅಡುಗೆಮನೆಯಲ್ಲಿ ನಿಂತಿದ್ದಳು.

"ಸ್ವಾರಸ್ಯವಾಗಿದೆ ಅಲ್ವಾ," ಎಂದಳು. ಅವಳ ಕತ್ತು ಕೆಂಪಾಗಿತ್ತು.

"ರಿಕ್‌ಗೆ ಒಂದು ಫೋನ್ ಮಾಡ್ಬಹುದಲ್ವೇನೇ? ತಪ್ಪು ತಿಳ್ಕೊಂಡಿದೀರಿ ಅಂತ?"

"ಅಯ್ಯೋ, ಪಾಪ, ಅವನಿಗೆ ಯಾಕೆ ತೊಂದ್ರೆ. ಅಷ್ಟು ಖುಷಿಯಾಗಿ ಕೈಹಿಡಿದ."

"ಹಾಗಾದ್ರೆ ಪತ್ರಿಕೆಯವರಿಗೆ?"

"ಅಚ್ಚಾಗ್ಹೋಗಿದೆಯಲ್ಲೇ ಮಾರಾಯ್ತಿ. ಅದನ್ನ ಬರೆದ ಹುಡುಗಿ ನೊಂದ್ಕೋತಾಳೆ."

ಮಾತು ಅಲ್ಲಿಗೇ ನಿಂತಿತು, ಆದರೆ ಪೇಚು ನಿಲ್ಲಲಿಲ್ಲ. ಸೈರನ್ ಬೇಕೆಂದು ಒಳಗೊಳಗೇ ಹಂಬಲಿಸುತ್ತಿದ್ದ ಊರಿನವರೆಲ್ಲ ಪತ್ರಿಕೆ ಓದಿ, ಪಾಪ, ವರ್ನಾಳೇ ಒಪ್ಪಿದ ಮೇಲೆ ನಾವು ಎದುರಾಡಿದರೆ ಆರ್ವಿಡ್‌ನ ಆತ್ಮಕ್ಕೆ ಅವಮಾನ ಎಂದು ತುಟಿ ಹೊಲಿದುಕೊಂಡರು. ಯಾರಿಗೂ ಬೇಡವಾದದ್ದು ಹೀಗೆ ಸರ್ವಾನುಮತದಿಂದ ನಡೆಯುವುದಿತ್ತು. ಮೇ ತಿಂಗಳಿಂದ ಸೈರನ್ ಬಂದ್.

ಮಾರ್ಲಿಸ್‌ಳ ಮುಂದೆ ಬಿಳಿಯ ಹಾಳೆ ಇತ್ತು, ತಲೆಯಲ್ಲಿ ವರ್ನಾಳ ಭಾಷಣ ಇತ್ತು. ಆ ಭಾಷಣ ಎಲ್ಲಿ ಮುರಿಯಿತು ಎಂಬುದು ಅವಳಿಗೆ, ಹಿಟ್ಟು ಹುಳಿ ಬಂದದ್ದು ಮೂಗಿಗೆ ಗೊತ್ತಾಗುವ ಹಾಗೆ, ಸ್ಪಷ್ಟವಾಗಿ ಗೊತ್ತಿತ್ತು. ಬರೆದಳು. ಬರೆದದ್ದರ ಮೇಲೆ ಸಕ್ಕರೆ ಉದುರಿಸಿದಳು. ತರಗತಿಯಲ್ಲಿ ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಓದಿ ಹೇಳುವ ಪದ್ಧತಿ. ಅವಳದು ಪಕ್ಕದಲ್ಲಿ ಕೂರುವ ಹೋದಾನ್ ಎಂಬ ಸೊಮಾಲಿ ಹುಡುಗಿಗೆ ಹೋಯಿತು. ನರ್ಸಿಂಗ್ ಓದುವ ಹುಡುಗಿ.

"ಆಂಟಿ, ಇದನ್ನ ಓದಿದ್ರೆ ಆಯಮ್ಮ ಗೆದ್ರೋ ಸೋತ್ರೋ ಗೊತ್ತೇ ಆಗಲ್ಲ," ಎಂದಳು ಹೋದಾನ್.

"ಗೊತ್ತಾಗ್ಬಾರ್ದು ಅಂತಲೇ ಕಷ್ಟಪಟ್ಟು ಬರ್ದಿದೀನಿ ಕಣಮ್ಮಾ."

"ನಮ್ಮಮ್ಮ ಆಗಿದ್ರೆ ಮೊದಲನೇ ಸಾಲಲ್ಲಿ ಬೈದು, ಎರಡನೇ ಸಾಲಲ್ಲಿ ಊಟಕ್ಕೆ ಕರೀತಿದ್ರು."

"ಊಟಕ್ಕೆ ಬರ್ತಿದ್ರಾ?"

"ಬರ್ದೇ ಏನು? ತಿರುಗಿ ಬೈಯೋಕಾದ್ರೂ ಬರ್ಬೇಕಲ್ವಾ!"

ಮಾರ್ಲಿಸ್ ಮನೆಗೆ ಹೋಗಿ ಸಕ್ಕರೆಯನ್ನೆಲ್ಲ ಒರೆಸಿ ಹಾಕಿದಳು. ಕೊನೆಯ ಪ್ಯಾರಾದಲ್ಲಿ ಮಾತ್ರ ಒಂದು ಚಿಟಿಕೆ ಉಳಿಸಿಕೊಂಡಳು. ಡುವೇನ್‌ಗೆ ಓದಲು ಕೊಟ್ಟಳು. ಅವನು ಕನ್ನಡಕ ಏರಿಸಿ, ಪೂರ್ತಿ ಓದಿ, ಕನ್ನಡಕ ಇಳಿಸಿದ.

"ಹ್ಞೂಂ," ಎಂದ. ಆಮೇಲೆ ಕೇಳಿದ, "ಲೈಬ್ರರಿಗೆ ವರ್ನಾ ಬರ್ತಾಳಾ?"

"ಬರ್ತಾಳಂತೆ. ನಾನು ಓದೋದು ಅಂತ ಮುಂದಿನ ಸಾಲಲ್ಲೇ ಕೂರ್ತಾಳಂತೆ. ತಿಂಡಿನೂ ತರ್ತಾಳಂತೆ."

"ಅವತ್ತು ನಾನು ದೋಣಿ ನೀರಿಗೆ ಇಳಿಸ್ಬೇಕು."

"ಸರೋವರದಲ್ಲಿ ಇನ್ನೂ ಮಂಜುಗಡ್ಡೆ ಇದೆಯಲ್ರೀ."

"ಅದಕ್ಕೇ ಹೊತ್ತಾಗತ್ತೆ," ಎಂದ ಡುವೇನ್.

ವರ್ನಾಳಿಗೆ ಮೊದಲೇ ಹೇಳಿಬಿಡೋಣ ಎಂದು ಮಾರ್ಲಿಸ್ ಮೂರು ಬಾರಿ ಅವಳ ಮನೆಗೆ ಹೋದಳು. ಮೂರು ಬಾರಿಯೂ ಹವಾಮಾನದ ಬಗ್ಗೆ ಮಾತಾಡಿ ಬಂದಳು. "ನನ್ನ ಪ್ರಬಂಧ ನಿಂಗೆ ಇಷ್ಟ ಆಗತ್ತೋ ಇಲ್ವೋ" ಎಂದಷ್ಟೇ ಕೊನೆಗೆ ಹೇಳಿದಳು. ವರ್ನಾ ಅದನ್ನು ವಿನಯ ಎಂದುಕೊಂಡು ಅವಳ ಬೆನ್ನು ತಟ್ಟಿದಳು.

ಲೈಬ್ರರಿಯ ಹಾಲು ಆ ಸಂಜೆ ತುಂಬಿತ್ತು. ಟೋರ್ವಿಕ್‌ನಲ್ಲಿ ಸಂಜೆ ಹೊತ್ತು ಬೇರೆ ಏನೂ ನಡೆಯುವುದಿಲ್ಲ ಎಂಬುದೂ ಒಂದು ಕಾರಣ. ಮೇಯರ್ ರಿಕ್ ಮೊದಲ ಸಾಲಿನಲ್ಲಿದ್ದ, ದಂತವೈದ್ಯರು ಕಿಟಕಿಯ ಬಳಿ. ವರ್ನಾ ಮೊದಲ ಸಾಲಿನ ನಡುವೆ, ಒಳ್ಳೆಯ ಸ್ವೆಟರ್ ಹಾಕಿಕೊಂಡು, ಮಗಳ ಪದವಿ ಪ್ರದಾನಕ್ಕೆ ಬಂದ ತಾಯಿಯ ಮುಖ ಮಾಡಿಕೊಂಡು. ಸ್ಕಾರಮೆಲ್ಲಾ ಮೇಷ್ಟ್ರು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಹೋದಾನ್ ಆಸ್ಪತ್ರೆಯ ಪಾರ್ಕಿಂಗ್ ಬಗ್ಗೆ ಓದಿ ಚಪ್ಪಾಳೆ ಗಿಟ್ಟಿಸಿಕೊಂಡು ಕೂತಳು. ಮಾರ್ಲಿಸ್ ಎದ್ದಳು.

ಶೀರ್ಷಿಕೆ ಓದುತ್ತಲೇ ಹಾಲು ತಣ್ಣಗಾಯಿತು: "ವರ್ನಾ ಲುಂಡೆಯ ಭಾಷಣ ಸೋತದ್ದು ಹೇಗೆ."

ಮಾರ್ಲಿಸ್ ತಲೆ ಎತ್ತಲಿಲ್ಲ. ಹಾಳೆಗೇ ಅಂಟಿಕೊಂಡು ಓದಿದಳು.

"ಭಾಷಣಕಾರರ ಮೇಲೆ ಈ ಊರಿಗೆ ಪೂರ್ತಿ ನಂಬಿಕೆ ಇದೆ. ಆ ನಂಬಿಕೆಯನ್ನೆಲ್ಲ ಅವರು ಎದುರು ಪಕ್ಷದ ಮಾತಿನಲ್ಲಿ ಅರ್ಥವಿದೆ ಎಂದು ಹೇಳುವುದಕ್ಕೆ ಖರ್ಚು ಮಾಡಿದರು. ಗಂಡ ಸೈರನ್ನನ್ನು ಸ್ವಲ್ಪ ನೋಡಿಕೊಳ್ಳುತ್ತಿದ್ದ ಎಂದರು. ಆರ್ವಿಡ್ ಲುಂಡೆ ಹಿಮಗಾಳಿಯಲ್ಲಿ ಏಣಿ ಹತ್ತಿ ಅದರ ಬಾಯಿಂದ ಮಂಜು ಕೆರೆದದ್ದನ್ನು ಈ ಹಾಲಿನಲ್ಲಿ ಕೂತ ಅರ್ಧ ಜನ ಕಂಡಿದ್ದಾರೆ. ಭಾಷಣದಲ್ಲಿ ಅದು ಇರಲಿಲ್ಲ. ಸೈರನ್ ಬೇಕು ಎಂಬ ವಾಕ್ಯವೂ ಇರಲಿಲ್ಲ. 'ಒಂಥರಾ ಬೇರೆಯಾಗಿರತ್ತೆ' ಎಂಬುದು ಇಲ್ಲಿ ಹುಟ್ಟಿದವರ ಕಿವಿಗೆ ಚೀರಾಟ. ಆದರೆ ತೀರ್ಮಾನ ಕೊಡಬೇಕಾದವರು ಇಲ್ಲಿ ಹುಟ್ಟಿದವರಲ್ಲ. ಭಾಷಣಕಾರರು ಪುರಸಭೆಯಲ್ಲಿ ನಿಂತು ತಮ್ಮ ಅಡುಗೆಮನೆಯೊಂದಿಗೆ ಮಾತಾಡಿದರು."

ಇನ್ನೂ ಎರಡು ಪುಟ ಇತ್ತು. ಮೇಯರ್ ರಿಕ್‌ನ ಬಾಯಿ ಒಂದೊಂದೇ ಸಾಲಿಗೆ ಸ್ವಲ್ಪ ಸ್ವಲ್ಪ ತೆರೆದುಕೊಳ್ಳುತ್ತಾ ಹೋಯಿತು. ದಂತವೈದ್ಯರಿಗೆ ಹಲ್ಲು ಎಣಿಸಲು ಅನುಕೂಲವಾಗುವಷ್ಟು. ಓದು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೆಮ್ಮಲೂ ಇಲ್ಲ.

"ಒಂದು ಪ್ರಶ್ನೆ," ಎಂದರು ಮೇಷ್ಟ್ರು ಮೂಲೆಯಿಂದ.

ಕೈ ಎತ್ತಿದವಳು ವರ್ನಾ. ಎದ್ದು ನಿಂತು ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

"ಮಾರ್ಲಿಸ್, ನಾನು ಚೆನ್ನಾಗಿ ಮಾತಾಡ್ಲಿಲ್ಲ ಅಂತೀಯಾ?"

ಮಾರ್ಲಿಸ್‌ಳ ಬಾಯಿಗೆ ಜನ್ಮದಿಂದ ಬಂದ ಉತ್ತರಗಳೆಲ್ಲ ಒಟ್ಟಿಗೇ ನುಗ್ಗಿದವು. ಹಾಗೇನಿಲ್ಲ. ನಾನು ಯಾರು ಹೇಳೋಕೆ. ನಿನ್ನ ಸ್ವರ ಚೆನ್ನಾಗಿತ್ತು. ಮೂಲೆಯಲ್ಲಿ ಮೇಷ್ಟ್ರು ಕಟ್ಟಿದ ಕೈ ಬಿಚ್ಚಿ ಪೆನ್ನು ತೆಗೆದಿದ್ದರು. ಒಂದು ಮೆತ್ತನೆಯ ಮಾತು ಹೊರಟರೆ ಅಡುಗೆಮನೆ ಕೈಬಿಡುತ್ತದೆ. ಗಟ್ಟಿ ಮಾತು ಹೊರಟರೆ ಗೆಳತಿ. ಮಾರ್ಲಿಸ್ ಮೇಜಿನ ಅಂಚು ಹಿಡಿದುಕೊಂಡಳು.

"ಇಲ್ಲ ವರ್ನಾ. ಚೆನ್ನಾಗಿ ಮಾತಾಡ್ಲಿಲ್ಲ."

ಹಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು, ಬಿಟ್ಟದ್ದು ಕೇಳಿಸಲಿಲ್ಲ. ವರ್ನಾಳ ಕತ್ತಿನಿಂದ ಕೆಂಪು ಹತ್ತಿ ಕಿವಿಯವರೆಗೆ ಬಂತು. ಅವಳು ಮಾರ್ಲಿಸ್‌ಳನ್ನು ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಇಡೀ ದೇಹ ತಿರುಗಿಸಿ ಮೇಯರ್ ಕಡೆ ಮುಖ ಮಾಡಿದಳು.

"ರಿಕ್, ಸೈರನ್ ನಿಲ್ಲಿಸ್ಬೇಡ."

"ಆದ್ರೆ ಅವತ್ತು ನೀವೇ..."

"ಅವತ್ತೂ ಅದನ್ನೇ ಹೇಳಿದ್ದು. ನಿಂಗೆ ಅರ್ಥ ಆಗ್ಲಿಲ್ಲ, ನಾನು ಅರ್ಥ ಆಗೋ ಹಾಗೆ ಹೇಳ್ಲಿಲ್ಲ. ಈಗ ಹೇಳ್ತಿದೀನಿ. ನಿಲ್ಲಿಸ್ಬೇಡ."

ರಿಕ್ ಗಾಬರಿಯಿಂದ ಹಿಂದಕ್ಕೆ ತಿರುಗಿದ. "ಹಾಗಾದ್ರೆ ಸೈರನ್ ಬೇಕು ಅನ್ನೋರು ಇಲ್ಲಿ ಯಾರ್ಯಾರಿದೀರಿ? ದಯವಿಟ್ಟು ಕೈ ಎತ್ತಿ. ಪೂರ್ತಿ ಎತ್ತಿ, ಭುಜ ಕುಣಿಸ್ಬೇಡಿ."

ಮೊದಲು ಯಾರೂ ಎತ್ತಲಿಲ್ಲ. ಪಕ್ಕದವರು ಎತ್ತಲಿ ಎಂದು ಪ್ರತಿಯೊಬ್ಬರೂ ಸೌಜನ್ಯದಿಂದ ಕಾದರು. ಒಂದು ಕೈ ಎದ್ದಿತು, ಆಮೇಲೆ ಹಾಲಿಗೆ ಹಾಲೇ ಉಕ್ಕಿತು. ಉಳಿದವರು ದಂತವೈದ್ಯರೊಬ್ಬರೇ. ಅವರು ಕಿಟಕಿಯ ಬಳಿಯಿಂದ, "ಇಷ್ಟು ಜನಕ್ಕೆ ಬೇಕು ಅಂತ ಒಬ್ರಾದ್ರೂ ನಂಗೆ ಹೇಳ್ಬಾರ್ದಿತ್ತಾ? ಅರ್ಜಿ ಹಾಕ್ತೀನಿ ಅಂದಾಗ ಎಲ್ಲಾರೂ ಒಳ್ಳೇ ಯೋಚನೆ ಅಂದ್ರಲ್ರೀ!" ಎಂದು ಅಳುವ ಸ್ವರದಲ್ಲಿ ಕೇಳಿದರು. ಕೂಗು ಸ್ವಲ್ಪ ಗಿಡ್ಡ ಮಾಡುವುದು, ಭಾನುವಾರ ಕೂಗಿಸದಿರುವುದು ಎಂದು ಅಲ್ಲೇ ತೀರ್ಮಾನವಾಯಿತು.

ಆ ಗದ್ದಲದಲ್ಲಿ ವರ್ನಾ ಹೊರಟುಹೋದಳು. ಟೋರ್ವಿಕ್‌ನಲ್ಲಿ ಬೀಳ್ಕೊಡುವುದೇ ಒಂದು ಕಾರ್ಯಕ್ರಮ: ಕುರ್ಚಿಯ ಬಳಿ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಕಾರಿನ ಕಿಟಕಿ ಇಳಿಸಿ ಮತ್ತೊಮ್ಮೆ. ವರ್ನಾ ಒಂದೇ ಏಟಿಗೆ ಹೋದಳು. ಜನ ಇನ್ನೂ ಮುಟ್ಟಿರದ ತಿಂಡಿಯ ತಟ್ಟೆಯನ್ನೂ ಹೊತ್ತುಕೊಂಡು ಹೋದಳು. ಮಾರ್ಲಿಸ್ ಬಾಗಿಲವರೆಗೆ ಓಡಿ ಬಂದಾಗ ಕಾರಿನ ಹಿಂದಿನ ದೀಪ ಮಾತ್ರ ಕಂಡಿತು.

"ಪಾಸು," ಎಂದರು ಮೇಷ್ಟ್ರು, ಅವಳ ಬೆನ್ನ ಹಿಂದೆ ಬಂದು ನಿಂತು. "ಇನ್ನೂ ಒಳ್ಳೇ ಅಂಕ ಕೊಡ್ತಿದ್ದೆ. ಕೊನೇ ಪ್ಯಾರಾದಲ್ಲಿ 'ಆದರೂ ಬೇರೆಯವರು ಬೇರೆ ಥರ ಯೋಚಿಸಬಹುದು' ಅಂತ ಹಾಕಿದೀರಲ್ಲ, ಅದಕ್ಕೆ ಕಟ್ ಮಾಡಿದೀನಿ."

"ಪರ್ವಾಗಿಲ್ಲ ಸಾರ್," ಎಂದಳು ಮಾರ್ಲಿಸ್. ಆಮೇಲೆ, ಬಾಯಿ ಒಮ್ಮೆ ತೆರೆದುಕೊಂಡಿತ್ತಲ್ಲ, "ಇಲ್ಲ, ಪರ್ವಾಗಿದೆ. ನನ್ನ ಗೆಳತಿ ಹೊರಟ್ಹೋದ್ಲು. ನಂಗೆ ತುಂಬಾ ಬೇಜಾರಾಗಿದೆ," ಎಂದು ಅಳತೊಡಗಿದಳು. ನ್ಯೂಜೆರ್ಸಿಯ ಮೇಷ್ಟ್ರು ಮೊದಲ ಬಾರಿಗೆ ಏನು ಹೇಳಬೇಕೆಂದು ತಿಳಿಯದೆ, ಹವಾಮಾನದ ಬಗ್ಗೆ ಏನೋ ಹೇಳಿದರು.

ಶಾಲಾ ಮಂಡಳಿ ಮಾರ್ಲಿಸ್‌ಳಿಗೆ ಕುರ್ಚಿ ಕೊಟ್ಟಿತು. ಅವಳು ಅದರಲ್ಲಿ ಕೂತು ಮಕ್ಕಳ ಊಟಕ್ಕೆ ಬೇಕಾದ ಬೆಣ್ಣೆ ತರಿಸಿದಳು, ತರುಣನಿಗೆ ಒಳ್ಳೆಯದಾಗಲಿ ಎಂದು ಹಾರೈಸಿದಳು, ಸಂಜೆ ಮನೆಗೆ ಬಂದು ಫೋನನ್ನು ದುರುಗುಟ್ಟಿ ನೋಡಿದಳು. ವರ್ನಾ ಕರೆ ಮಾಡಲಿಲ್ಲ. ಚರ್ಚಿನಲ್ಲಿ ಎದುರಾದರೆ ಬಿಸಿಲು ಚೆನ್ನಾಗಿದೆ ಎಂದಳು. ಅಷ್ಟು ಸೌಜನ್ಯದಿಂದ ಅವಳು ಹಿಂದೆಂದೂ ನಡೆದುಕೊಂಡಿರಲಿಲ್ಲ.

ಸರೋವರದ ಮಂಜು ಕರಗಿ, ಹಿತ್ತಲಿನ ರೂಬಾರ್ಬ್ ಗಿಡ ಕೆಂಪು ದಂಟು ಬಿಟ್ಟ ಕಾಲಕ್ಕೆ ಒಂದು ದಿನ ಹಿಂಬಾಗಿಲು ದಢಾರನೆ ತೆರೆಯಿತು. ಮಾರ್ಲಿಸ್ ಒಲೆಯ ಮುಂದೆ ಆ ಹುಳಿ ದಂಟಿನ ಗೊಜ್ಜು ಕೆದಕುತ್ತಿದ್ದಳು. ವರ್ನಾ ನೇರ ಬಂದು, ಚಮಚ ಕಿತ್ತುಕೊಂಡು, ಊದಿ, ಬಾಯಿಗೆ ಹಾಕಿಕೊಂಡಳು.

"ಸಕ್ಕರೆ ಜಾಸ್ತಿ," ಎಂದಳು. "ಯಾವಾಗ್ಲೂ ಜಾಸ್ತಿ."

"ಯಾವಾಗ್ಲೂ ಅಂದ್ರೆ?"

"ನನ್ನ ಮದ್ವೆಗೆ ಮಾಡ್ಕೊಂಡು ಬಂದಿದ್ಯಲ್ಲ, ಅವತ್ತಿಂದ."

"ಅವತ್ತಿಂದ ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ಯಲ್ಲೇ!"

"ತಿಂದೆ. ಹಲ್ಲು ಕಚ್ಕೊಂಡು ತಿಂದೆ. ನೀನೂ ಅವತ್ತು ಜನರ ಮುಂದೆ ಓದೋಕ್ಮುಂಚೆ ನಮ್ಮನೇಗೆ ಬಂದು, ಕೂತು, ಮೋಡ ಆಗಿದೆ ಅಂದು ಎದ್ದು ಹೋದ್ಯಲ್ಲ. ಸೋತೆ ಅಂದಿದ್ದಕ್ಕೆ ಕೋಪ ಇಲ್ಲ ನಂಗೆ. ನನ್ನ ಮುಖಕ್ಕೆ ಮೊದ್ಲು ಹೇಳ್ಲಿಲ್ವಲ್ಲ, ಅದಕ್ಕೆ ಕೋಪ."

"ತಪ್ಪಾಯ್ತು," ಎಂದಳು ಮಾರ್ಲಿಸ್.

"ಆಯ್ತು," ಎಂದಳು ವರ್ನಾ.

ಒಲೆಯ ಮೇಲೆ ಗೊಜ್ಜು ತಳ ಹಿಡಿಯುವ ವಾಸನೆ ಬಂತು. ಇಬ್ಬರೂ ಅಲುಗಾಡಲಿಲ್ಲ.

"ಇನ್ನೂ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು," ಎಂದಳು ಮಾರ್ಲಿಸ್.

ವರ್ನಾ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ತೋಳು ಮಡಚಿಕೊಂಡು ಮೇಜಿನ ಮುಂದೆ ಕೂತಳು.

"ಮೊದ್ಲು ನಿನ್ನ ಗಂಡನ ಮೀಸೆ," ಎಂದಳು.